ಆಸ್ಕರ್, ಅರೋವಾನಾಗೆ ಕೋಳಿ ಅಂಗಡಿ ಮಾಂಸ: ಯಾವುದು ನಡೆಯುತ್ತೆ, ಯಾವುದು ಬೇಡ?

ಆಸ್ಕರ್_ಹಾಸನ
ಎಲ್ರಿಗೂ ನಮಸ್ಕಾರ. ನನ್ನ ಮೀನಿನ ಟ್ಯಾಂಕು 4×2×2 ಅಡಿ. ಹತ್ತಿಂಚಿನ ಆಸ್ಕರ್ ಎರಡು, ಏಳಿಂಚಿನ ಸಿಲ್ವರ್ ಅರೋವಾನಾ ಮರಿ ಒಂದು. ಕ್ಯಾನಿಸ್ಟರ್ ಫಿಲ್ಟರ್ ಇದೆ, ಮೇಲೊಂದು ಟಾಪ್ ಫಿಲ್ಟರ್ರೂ ಇದೆ. ಒಳ್ಳೆ ಪೆಲೆಟ್ (ಮೀನಿನ ಗುಳಿಗೆ ಊಟ) ರೇಟು ಕೈ ಸುಡ್ತಿದೆ. ಕೋಳಿ ಅಂಗಡಿಯಲ್ಲಿ ಗುಂಡಿಗೆ, ಲಿವರ್, ಗಿಜರ್ಡ್ (ಕಾಳು ಅರೆಯೋ ಗಟ್ಟಿ ಹೊಟ್ಟೆಚೀಲ) ಅಗ್ಗಕ್ಕೆ ಸಿಗುತ್ತೆ, ಕರುಳು ಪುಕ್ಕಟೆನೇ ಕೊಡ್ತಾರೆ. ಇದರಲ್ಲಿ ಯಾವುದನ್ನ ಹಾಕಬಹುದು? ಹಸಿಯಾಗಿ ಹಾಕೋದಾ, ಬೇಯಿಸಬೇಕಾ? ಇನ್ನೊಂದು, ಮಾಂಸ ಹಾಕಿದ ದಿನ ನೀರಿನ ಮೇಲೆ ಎಣ್ಣೆ ಪದರ ಕಟ್ಟುತ್ತೆ, ಮಾರನೇ ದಿನ ನೀರು ಮಂಕು. ಅದಕ್ಕೇನು ಮಾಡೋದು?

ಯಗಚಿ_ಬೇಲೂರು
ಗುಂಡಿಗೆ ಹಾಕಿ ಸಾರ್, ಕೊಬ್ಬೇ ಇರಲ್ಲ ಅದರಲ್ಲಿ. ಡಿಸ್ಕಸ್ ಮೀನು ಸಾಕೋರೆಲ್ಲ ಅದನ್ನೇ ಹಾಕೋದು.

ಮಲ್ನಾಡ್_ಗಿಲ್ಸ್
ಯಗಚಿ ಅವ್ರೇ, ಆ ಮಾತು ದನದ ಗುಂಡಿಗೆಗೆ ಸರಿ, ಕೋಳಿದಕ್ಕೆ ಅಲ್ಲ. ದನದ ಗುಂಡಿಗೇಲಿ ಕೊಬ್ಬು 100 ಗ್ರಾಂಗೆ 4 ಗ್ರಾಂ ಆಸುಪಾಸು. ಕೋಳಿ ಗುಂಡಿಗೇಲಿ 9 ಗ್ರಾಂ ದಾಟುತ್ತೆ. ನೋಡಿದ್ರೇ ಗೊತ್ತಾಗುತ್ತಲ್ಲ, ಮೇಲ್ಗಡೆ ಹಳದಿ ಟೋಪಿ ಹಾಕ್ಕೊಂಡಿರುತ್ತೆ. ಆ ಕೊಬ್ಬೇ ಎಣ್ಣೆ ಪದರಕ್ಕೆ ಕಾರಣ.

ಕೋಳಿ ಅಂಗಡಿಯಲ್ಲಿ ಮೀನಿಗೆ ಎಲ್ಲಕ್ಕಿಂತ ಒಳ್ಳೇದು ಗಿಜರ್ಡ್. ಕೊಬ್ಬು 2 ಗ್ರಾಂ, ಪ್ರೋಟೀನ್ 17-18 ಗ್ರಾಂ. ಜನ ಯಾಕೆ ಬಿಡ್ತಾರೆ ಅಂದ್ರೆ ಅದು ಗಟ್ಟಿ, ತುಂಡು ಮಾಡೋಕೆ ಬೇಜಾರು. ಒಳಗಿನ ಹಳದಿ ಸಿಪ್ಪೆ ಪೂರ್ತಿ ಸುಲಿದು ತೆಗೀಬೇಕು, ಹೊರಗೆ ಅಂಟಿರೋ ಕೊಬ್ಬಿನ ಉಂಡೆ ಕತ್ತರಿಸಿ ಬಿಸಾಕಬೇಕು. ಅರ್ಧ ಗಂಟೆ ಫ್ರೀಜರಲ್ಲಿಟ್ಟು ಅರೆ ಗಟ್ಟಿಯಾದಾಗ ಚಾಕು ಹಾಕಿದ್ರೆ ಜಾರಲ್ಲ, ತೆಳ್ಳಗೆ ಬರುತ್ತೆ.

ಗುಂಡಿಗೇನೇ ಬೇಕು ಅಂದ್ರೆ: ಮೇಲಿನ ಕೊಬ್ಬು ನರದ ಸಮೇತ ಕಾಲು ಭಾಗ ಕತ್ತರಿಸಿ ಎಸೀರಿ. ಉಳಿದದ್ದನ್ನ ಉದ್ದಕ್ಕೆ ಸೀಳಿ ಒಳಗೆ ಹೆಪ್ಪುಗಟ್ಟಿದ ರಕ್ತ ಬೆರಳಲ್ಲಿ ತೆಗೆದು, ನೀರು ತಿಳಿಯಾಗೋವರೆಗೂ ತೊಳೀರಿ. ಒಂದು ಕೆ.ಜಿ. ತಂದ್ರೆ ಕೈಗೆ ಸಿಗೋದು ಮುಕ್ಕಾಲು ಕೆ.ಜಿ. ಅಂದ್ಕೊಳ್ಳಿ. ರೇಟು ಲೆಕ್ಕ ಹಾಕೋವಾಗ ಇದನ್ನೂ ಸೇರಿಸ್ಕೊಳ್ಳಿ.

ಲಿವರ್ ಬೇಡ. ನೀರಿಗೆ ಬಿದ್ದ ತಕ್ಷಣ ಪುಡಿಯಾಗಿ ಮಂಕು ಮಾಡೋದೇ ಅದು. ವಿಟಮಿನ್ ಎ ಅದರಲ್ಲಿ ವಿಪರೀತ, ಅದು ದೇಹದಲ್ಲೇ ಶೇಖರವಾಗುತ್ತೆ. ಮಿಶ್ರಣದಲ್ಲಿ ನೂರಕ್ಕೆ ಐದು ಪಾಲು ಇದ್ರೆ ಅಡ್ಡಿಯಿಲ್ಲ, ಅಷ್ಟೆ.

ಕರುಳು ಪುಕ್ಕಟೆ ಕೊಟ್ರೂ ಮುಟ್ಟಬೇಡಿ. ಬರೀ ಕೊಬ್ಬು ಮತ್ತೆ ಕೋಳಿ ಹಿಕ್ಕೆ. ಸಾಲ್ಮೊನೆಲ್ಲಾ ಮನೆಗೆ ತಂದ ಹಾಗೆ.

ಕೆರೆಏರಿ
ಕರುಳು ತಿನ್ನಿಸೋದು ಕಳ್ಳ ಹೊಂಡಗಳಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಸಾಕೋರು. ಆ ಮೀನು ಸಾಕೋದನ್ನ ಕೇಂದ್ರ ಸರ್ಕಾರ 2000ದಲ್ಲೇ ನಿಷೇಧ ಮಾಡಿದೆ, ಆದ್ರೂ ನಿಂತಿಲ್ಲ.

ಚನ್ನ_ರಾಯಪಟ್ಟಣ
ಎಲ್ರೂ ಕೋಳಿ ಅಂಗಡಿ ಮುಂದೇನೇ ನಿಂತಿದೀರಲ್ಲ, ಪಕ್ಕದ ಮೀನಂಗಡಿ ಕಾಣಲ್ವಾ? ಮೀನು ತಿನ್ನೋ ಮೀನಿಗೆ ಮೊದಲು ಮೀನು, ಸೀಗಡಿ. ಕೋಳಿ ಆಮೇಲೆ.

ಕೋಳಿ, ಕುರಿ, ಹಂದಿ ಕೊಬ್ಬು ತಣ್ಣಗಿದ್ರೆ ಗಟ್ಟಿಯಾಗೋ ಜಾತಿದು. ಕುರಿ ಕೊಬ್ಬು ಕರಗೋಕೆ 44 ಡಿಗ್ರಿ ಮೇಲೆ ಬೇಕು, ನಿಮ್ಮ ಆಸ್ಕರ್ ಮೈ ಇರೋದು ನೀರಿನ ಬಿಸಿಯಷ್ಟೇ, 26-27 ಡಿಗ್ರಿ. ಜೀರ್ಣ ಆಗೋದು ಕಷ್ಟ, ಮಿಕ್ಕಿದ್ದು ಲಿವರ್ ಸುತ್ತ, ಹೊಟ್ಟೆಯೊಳಗೆ ಕೂರುತ್ತೆ. ಹೊರಗಿಂದ ಮೀನು ದಪ್ಪಗೆ ಚೆನ್ನಾಗೇ ಕಾಣುತ್ತೆ, ಅದೇ ಮೋಸ.

ಹಾಸನದಲ್ಲಿ ಅಗ್ಗದ ಮೀನು ಅಂದ್ರೆ ಕೆರೆ ಜಿಲೇಬಿ (ತಿಲಾಪಿಯಾ). ಕೊಬ್ಬು 2 ಗ್ರಾಂ ಒಳಗೆ, ಪ್ರೋಟೀನ್ 20. ಗೊರೂರು ಹಿನ್ನೀರು, ಯಗಚಿ ಕಡೆಯಿಂದ ತಾಜಾ ಬರುತ್ತೆ. ಸಮುದ್ರದ ಮೀನಲ್ಲಿ ರಾಣಿ ಮೀನು ಅಗ್ಗ, ಬಿಳಿ ಮಾಂಸ, ಎಣ್ಣೆ ಕಮ್ಮಿ. ಬೂತಾಯಿ ಅಗ್ಗ ಅಂತ ದಿನಾ ಹಾಕ್ಬೇಡಿ. ಮಳೆಗಾಲ ಮುಗಿದ ಮೇಲೆ ಬರೋ ಬೂತಾಯಿಯಲ್ಲಿ ಎಣ್ಣೆ ತುಂಬಿರುತ್ತೆ, ಒಂದು ತುಂಡಿಗೆ ಟ್ಯಾಂಕ್ ಪೂರ್ತಿ ಜಿಡ್ಡು.

ಆಸ್ಕರ್_ಹಾಸನ
ಜಿಲೇಬಿ ಮುಳ್ಳು ಗಂಟಲಿಗೆ ಸಿಕ್ಕಿಕೊಳ್ಳಲ್ವಾ? ಚಿಕ್ಕದನ್ನ ಇಡೀ ಹಾಕಬಹುದಾ?

ಚನ್ನ_ರಾಯಪಟ್ಟಣ
ಇಡೀದು ಬೇಡ. ಬೆನ್ನಿನ ರೆಕ್ಕೆ ಮುಳ್ಳು ಸೂಜಿ ಥರ, ಬಾಯೊಳಗೆ ಅಡ್ಡ ನಿಂತ್ರೆ ಮೀನು ಉಗುಳೋಕೂ ಆಗಲ್ಲ ನುಂಗೋಕೂ ಆಗಲ್ಲ. ಎರಡೂ ಬದಿ ಮಾಂಸ ಬಿಡಿಸ್ಕೊಂಡು, ಪಕ್ಕೆಲುಬಿನ ಸಾಲು ಕತ್ತರಿಸಿ ತೆಗೀರಿ. ತಲೆ, ಕಿವಿರು, ಹೊಟ್ಟೆ ಎಲ್ಲ ಹೊರಗೆ. ತುಂಡು ಆಸ್ಕರ್‌ಗೆ ಒಂದು ಸೆಂ.ಮೀ. ಚೌಕ. ಅರೋವಾನಾ ಮರಿಗೆ ಬೆರಳಿಗಿಂತ ಸಣ್ಣ ಪಟ್ಟಿ, ಚಿಮಟದಲ್ಲಿ ಹಿಡಿದು ನೀರಿನ ಮೇಲ್ಮೈಯಲ್ಲೇ ಆಡಿಸಬೇಕು. ಅದು ಮೇಲೆ ತಿನ್ನೋ ಮೀನು, ತಳಕ್ಕೆ ಬಿದ್ದದ್ದನ್ನ ಹುಡುಕ್ಕೊಂಡು ಹೋಗೋದು ಕಮ್ಮಿ.

ಪೇಟೆಬೀದಿ
4 ಅಡಿ ಟ್ಯಾಂಕಲ್ಲಿ ಅರೋವಾನಾ?? ಅದು ಎರಡೂವರೆ ಮೂರಡಿ ಬೆಳೆಯುತ್ತೆ ಗುರು. ಊಟದ ಚಿಂತೆಗಿಂತ ಮೊದಲು ಮನೆ ಚಿಂತೆ ಮಾಡು.

ಆಸ್ಕರ್_ಹಾಸನ
ದೊಡ್ಡ ಟ್ಯಾಂಕ್ ಮಾಡಿಸ್ತಿದೀನಿ ಅಣ್ಣ. ಈಗ ಊಟದ ವಿಷ್ಯ.

ಹೊಯ್ಸಳ_ಫಿನ್ಸ್
ಇಷ್ಟೆಲ್ಲ ರಗಳೆ ಯಾಕೆ, ಅಂಗಡಿಯಲ್ಲಿ ಸಣ್ಣ ಗೋಲ್ಡ್‌ಫಿಶ್ ಸಿಗುತ್ತೆ, ಹತ್ತು ತಂದು ಬಿಡಿ. ಜೀವಂತ, ತಾಜಾ, ನೀರೂ ಕೆಡಲ್ಲ.

ಮಲ್ನಾಡ್_ಗಿಲ್ಸ್
ಅದಕ್ಕಿಂತ ದುಬಾರಿ ಊಟ ಇಲ್ಲ ಮಾರಾಯ್ರೆ. ಬೇರೆ ಮೀನಿನ ಊಟಕ್ಕೆ ಅಂತ ಮಾರೋ ಆ ಫೀಡರ್ ಟ್ಯಾಂಕಲ್ಲಿ ನೂರಾರು ಮೀನು ಒತ್ತೊತ್ತಾಗಿ ಇರ್ತವೆ. ಇಕ್ (ಬಿಳಿ ಚುಕ್ಕಿ ಕಾಯಿಲೆ), ಆಂಕರ್ ವರ್ಮ್ (ಮೈಗೆ ಕಚ್ಚಿಕೊಳ್ಳೋ ಪರೋಪಜೀವಿ), ಏನಿದ್ರೂ ನೇರ ನಿಮ್ಮ ಟ್ಯಾಂಕಿಗೆ. ಆಂಕರ್ ವರ್ಮ್ ಒಮ್ಮೆ ಬಂತು ಅಂದ್ರೆ ಔಷಧಿ ಖರ್ಚಲ್ಲಿ ಒಂದು ಡಬ್ಬ ಪೆಲೆಟ್ ಬರುತ್ತೆ.

ಮೇಲೆ ಇನ್ನೊಂದು ಕಾಟ ಥಯಾಮಿನೇಸ್. ಗೋಲ್ಡ್‌ಫಿಶ್, ಸಾಮಾನ್ಯ ಕಾರ್ಪ್, ಆಂಚೊವಿ ಜಾತಿ ಇವುಗಳಲ್ಲಿ ಈ ಕಿಣ್ವ ಇರುತ್ತೆ, ವಿಟಮಿನ್ ಬಿ1 ಅನ್ನ ಒಡೆದು ಹಾಕುತ್ತೆ. ತಿಂಗಳುಗಟ್ಟಲೆ ಬರೀ ಅದೇ ತಿಂದ ಮೀನು ಊಟ ಬಿಡುತ್ತೆ, ಆಮೇಲೆ ಓಲಾಡೋದು, ಸುತ್ತು ಹೊಡೆಯೋದು ಶುರು. ಫ್ರೀಜ್ ಮಾಡಿದ್ರೆ ಈ ಕಿಣ್ವ ಸಾಯಲ್ಲ, ಬೇಯಿಸಿದ್ರೆ ಸಾಯುತ್ತೆ. ಜಿಲೇಬಿಯಲ್ಲಿ ಈ ತೊಂದರೆ ಇಲ್ಲ, ಚನ್ನ ಅವ್ರು ಹೇಳಿದ್ದು ಅದಕ್ಕೇ ಸರಿಯಾಗಿದೆ.

ಹೊಯ್ಸಳ_ಫಿನ್ಸ್
ಕಾಡಲ್ಲಿ ಆಸ್ಕರ್ ಏನು ಬೇಯಿಸ್ಕೊಂಡು ತಿನ್ನುತ್ತಾ?

ಮಲ್ನಾಡ್_ಗಿಲ್ಸ್
ಕಾಡಲ್ಲಿ ಒಂದೇ ಜಾತಿ ಮೀನನ್ನ ವರ್ಷಪೂರ್ತಿ ತಿನ್ನಲ್ಲ. ಹುಳ, ಸೀಗಡಿ, ಏಡಿಮರಿ, ಬಸವನಹುಳು, ಸಿಕ್ಕಿದ ಹಣ್ಣು ಕೂಡ. ಕಾಡಿನ ಉದಾಹರಣೆ ಕೊಡೋರು ಆ ವೆರೈಟಿ ಕೊಡ್ತಾರಾ ಅಂದ್ರೆ ಇಲ್ಲ.

ಕಾಫಿತೋಟ
ವೆರೈಟಿ ಅಂದ್ರೆ ನಮ್ಮ ಕಡೆ ಎರೆಹುಳು ಪುಕ್ಕಟೆ. ಪ್ರೋಟೀನ್ ಇದೆ, ಕೊಬ್ಬು ಕಮ್ಮಿ, ಆಸ್ಕರ್‌ಗೆ ಪ್ರಾಣ. ಆದ್ರೆ ಚಿಕ್ಕಮಗಳೂರು, ಸಕಲೇಶಪುರ ಕಡೆಯೋರು ತೋಟದೊಳಗಿನ ಹುಳ ತೆಗೀಬೇಡಿ. ಮಳೆಗಾಲಕ್ಕೆ ಮುಂಚೆ ಕಾಫಿಗೆ, ಮೆಣಸಿಗೆ, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದಿರ್ತಾರೆ. ಅದು ಮೈಲುತುತ್ತ ಮತ್ತೆ ಸುಣ್ಣ. ತಾಮ್ರ ಮಣ್ಣಲ್ಲಿ ವರ್ಷಾನುಗಟ್ಟಲೆ ಉಳಿಯುತ್ತೆ, ಹುಳದ ಹೊಟ್ಟೆಯಲ್ಲಿರೋದೂ ಅದೇ ಮಣ್ಣು. ಸುಣ್ಣದಂಶ ಕಮ್ಮಿ ಇರೋ ನಮ್ಮ ಮೆತ್ತನೆ ನೀರಲ್ಲಿ ತಾಮ್ರದ ವಿಷ ಇನ್ನೂ ಜೋರು.

ಹಿತ್ತಲಲ್ಲಿ ಔಷಧಿ ಬೀಳದ ಜಾಗದ ಹುಳ ತೆಗೆದು, ಒಂದು ರಾತ್ರಿ ಒದ್ದೆ ಕಾಗದದ ಮೇಲೆ ಬಿಡಿ, ಹೊಟ್ಟೆ ಮಣ್ಣು ಖಾಲಿ ಮಾಡ್ಕೊಳ್ತವೆ. ತೊಳೆದು ತುಂಡು ಮಾಡಿ ಹಾಕಿ. ಗೊಬ್ಬರದ ತೊಟ್ಟಿಯ ಕೆಂಪು ಹುಳ ಬೇಡ, ಮುಟ್ಟಿದ್ರೆ ಹಳದಿ ರಸ ಬಿಡುತ್ತೆ, ಮೀನು ಬಾಯಿಗೆ ಹಾಕ್ಕೊಂಡು ಥೂ ಅಂತ ಉಗಿಯುತ್ತೆ.

ಪ್ಯೂರ್‌ವೆಜ್_ಮೀನುಪ್ರಿಯೆ
ಈ ಥ್ರೆಡ್ ಓದ್ತಾ ತಿಂಡಿ ತಿನ್ನಬಾರದಿತ್ತು 😖 ಆದ್ರೂ ಉಪಯೋಗ ಆಯ್ತು. ಹೆಪ್ಪುಗಟ್ಟಿಸಿದ ಬ್ಲಡ್‌ವರ್ಮ್ (ಸಣ್ಣ ಹುಳ) ಕ್ಯೂಬ್ ಸಾಲಲ್ವಾ?

ಪೇಟೆಬೀದಿ
ಹತ್ತಿಂಚಿನ ಆಸ್ಕರ್‌ಗೆ ಅದು ಒಗ್ಗರಣೆಗೆ ಹಾಕೋ ಸಾಸಿವೆ ಮೇಡಂ.

ಅರಸೀಕೆರೆ_ಬೋರ್‌ವೆಲ್
ಎಲ್ರೂ ಏನು ಹಾಕಬೇಕು ಅಂತಿದೀರಿ, ಎಷ್ಟು ಅಂತ ಯಾರೂ ಹೇಳ್ತಿಲ್ಲ. ನೀರು ಕೆಡೋದು ಅಲ್ಲೇ.

ಹತ್ತಿಂಚಿನ ಆಸ್ಕರ್ ತೂಕ ಸುಮಾರು 400-500 ಗ್ರಾಂ. ದೊಡ್ಡ ಮೀನಿಗೆ ಒಂದು ಹೊತ್ತಿಗೆ ತೂಕದ ನೂರಕ್ಕೆ ಒಂದು ಪಾಲು ಮಾಂಸ ಧಾರಾಳ. ಅಂದ್ರೆ ಒಂದಕ್ಕೆ 4-5 ಗ್ರಾಂ. ಅಡುಗೆಮನೆ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ, "ಇಷ್ಟೇನಾ" ಅನ್ನಿಸುತ್ತೆ. ಆಸ್ಕರ್ ಗಾಜಿನ ಹತ್ರ ಬಂದು ಬಾಲ ಆಡಿಸಿ ಭಿಕ್ಷೆ ಬೇಡುತ್ತೆ, ಅದಕ್ಕೆ ಕರಗಬೇಡಿ. ಅದಕ್ಕೆ ಹೊಟ್ಟೆ ತುಂಬಿದ್ರೂ ಬೇಡುತ್ತೆ.

ಈಗ ಲೆಕ್ಕ. 4×2×2 ಟ್ಯಾಂಕು ಹೊರ ಅಳತೆಗೆ 450 ಲೀಟರ್, ಒಳಗೆ ನಿಜವಾಗಿ 400 ಹಿಡಿಯುತ್ತೆ. ಕಲ್ಲಿನ ಹಿಂದೆ 5 ಗ್ರಾಂ ಮಾಂಸ ಉಳೀತು ಅನ್ನಿ. ಅದರಲ್ಲಿ ಪ್ರೋಟೀನ್ 1 ಗ್ರಾಂ, ಪ್ರೋಟೀನಲ್ಲಿ ನೂರಕ್ಕೆ 16 ಪಾಲು ಸಾರಜನಕ, ಅಂದ್ರೆ 160 ಮಿ.ಗ್ರಾಂ. ಕೊಳೆತು ಪೂರ್ತಿ ಅಮೋನಿಯ ಆದ್ರೆ ಲೀಟರಿಗೆ 0.4 ಮಿ.ಗ್ರಾಂ. ಒಂದೇ ಒಂದು ತುಂಡಿನ ಕಥೆ ಇದು.

ಹಳೇ ಫಿಲ್ಟರ್ ಇದ್ರೆ ಅಷ್ಟೊಂದು ಏರೋಕೆ ಬಿಡಲ್ಲ, ಸರಿ. ಆದ್ರೆ ನಮ್ಮ ಅರಸೀಕೆರೆ ಕಡೆ ಬೋರ್ ನೀರು ಗಡಸು, ಪಿಎಚ್ 8ರ ಮೇಲೆ. ಪಿಎಚ್ 7ರಲ್ಲಿ ಅಮೋನಿಯದ ವಿಷದ ರೂಪ ನೂರಕ್ಕೆ ಒಂದು ಪಾಲೂ ಇರಲ್ಲ, 8.2ರಲ್ಲಿ ನೂರಕ್ಕೆ 9 ಪಾಲು. ಅದೇ ತುಂಡು ಮೆತ್ತನೆ ನೀರಿನ ಮೂಡಿಗೆರೇಲಿ ಗೊತ್ತೇ ಆಗಲ್ಲ, ಇಲ್ಲಿ ಕಿವಿರು ಸುಡುತ್ತೆ.

ಮಲ್ನಾಡ್_ಗಿಲ್ಸ್
ಮೂಡಿಗೆರೆಯೋರು ಹಾಯಾಗಿರಿ ಅಂತ ಅರ್ಥ ಅಲ್ಲ ಮತ್ತೆ. ನಮ್ಮ ನೀರಲ್ಲಿ ಸುಣ್ಣದಂಶ ಇಲ್ಲ, ಕೆಎಚ್ (ಪಿಎಚ್ ಬೀಳದಂತೆ ತಡೆಯೋ ಲವಣದ ಅಳತೆ) ಒಂದೋ ಎರಡೋ. ಮಾಂಸ ಜಾಸ್ತಿ ಹಾಕಿ ನೀರು ಬದಲಿಸದಿದ್ರೆ ಫಿಲ್ಟರಿನ ಬ್ಯಾಕ್ಟೀರಿಯಾ ಅಮೋನಿಯ ತಿಂದು ಆಮ್ಲ ಬಿಡ್ತಾ ಹೋಗುತ್ತೆ, ತಡೆಯೋಕೆ ಕೆಎಚ್ ಇಲ್ಲ, ಪಿಎಚ್ 6ಕ್ಕಿಂತ ಕೆಳಗೆ ಬೀಳುತ್ತೆ. ಅಲ್ಲಿಗೆ ಬ್ಯಾಕ್ಟೀರಿಯಾನೂ ಕೆಲಸ ನಿಲ್ಸುತ್ತೆ. ಆ ಟ್ಯಾಂಕಿಗೆ ಒಮ್ಮೆಲೇ ಗಡಸು ನೀರು ಸುರಿದ್ರೆ ಕೂತಿದ್ದ ಅಮೋನಿಯ ಎಲ್ಲ ವಿಷವಾಗಿ ಏಳುತ್ತೆ. ಫಿಲ್ಟರಲ್ಲಿ ಒಂದು ಹಿಡಿ ಪುಡಿ ಹವಳ ಅಥವಾ ಕಪ್ಪೆಚಿಪ್ಪು ಚೀಲ ಕಟ್ಟಿಡಿ.

ಯಗಚಿ_ಬೇಲೂರು
ಎಣ್ಣೆ ಪದರಕ್ಕೆ ಟಿಶ್ಯೂ ಪೇಪರ್ ನೀರಿನ ಮೇಲೆ ಹಾಸಿ ಎಳೀರಿ, ಅಂಟ್ಕೊಂಡು ಬರುತ್ತೆ. ಟಾಪ್ ಫಿಲ್ಟರ್ ನೀರು ಸ್ವಲ್ಪ ಎತ್ತರದಿಂದ ಬೀಳೋ ಹಾಗೆ ಮಾಡಿದ್ರೆ ಪದರ ನಿಲ್ಲಲ್ಲ. ಹಾಗೇ ಬಿಟ್ರೆ ಗಾಳಿ ನೀರಿಗೆ ಸೇರೋದು ಕಮ್ಮಿ ಆಗುತ್ತೆ.

ಡಿಸ್ಕಸ್_ದೊರೆ
ಇಷ್ಟು ಹೊತ್ತಾದ್ರೂ ಯಾರೂ ದನದ ಗುಂಡಿಗೆ ರೆಸಿಪಿ ಹಾಕ್ಲಿಲ್ಲವಲ್ಲ.

ಕೆರೆಏರಿ
ಕರ್ನಾಟಕದಲ್ಲಿ 2021ರಿಂದ ಗೋಹತ್ಯೆ ನಿಷೇಧದ ಕಾಯ್ದೆ ಜಾರಿಯಲ್ಲಿದೆ, 13 ವರ್ಷ ದಾಟಿದ ಎಮ್ಮೆ-ಕೋಣ ಬಿಟ್ರೆ ಬೇರೆ ದನದ ಹತ್ಯೆ ಇಲ್ಲ. ವಿದೇಶಿ ರೆಸಿಪಿ ಇಲ್ಲಿಗೆ ಎತ್ತಿಕೊಂಡು ಬಂದು ಪ್ರಯೋಜನ ಇಲ್ಲ.

ಡಿಸ್ಕಸ್_ದೊರೆ
ಕಾಯ್ದೆ ಬಗ್ಗೆ ಹೇಳೋದಾದ್ರೆ...

ನಿರ್ವಾಹಕ
ಹೇಳೋದು ಬೇಡ. ಮೀನಿನ ಊಟಕ್ಕೆ ಬನ್ನಿ. ಮುಂದಿನ ಎರಡು ಪೋಸ್ಟ್ ತೆಗೆದಿದೀನಿ.

ಚನ್ನ_ರಾಯಪಟ್ಟಣ
ರೆಸಿಪಿ ತಾನೇ ಬೇಕಿರೋದು, ತಗೊಳ್ಳಿ. ಕೆ.ಜಿ.ಗಟ್ಟಲೆ ಮಾಡ್ಬೇಡಿ. ಎರಡು ಆಸ್ಕರ್, ಒಂದು ಅರೋವಾನಾ ಮರಿಗೆ ಒಂದು ಹೊತ್ತಿಗೆ 15 ಗ್ರಾಂ, ವಾರಕ್ಕೆ ಎರಡು ದಿನ. ಸುಮಾರು 300 ಗ್ರಾಂ ಮಾಡಿದ್ರೆ ಎರಡು ತಿಂಗಳ ಮೇಲೆ ಬರುತ್ತೆ, ಮನೆ ಫ್ರೀಜರಲ್ಲಿ ಅದಕ್ಕಿಂತ ಬಹಳ ಹೆಚ್ಚು ಇಡೋದೂ ಸರಿಯಲ್ಲ.

ಮುಳ್ಳು ತೆಗೆದ ಜಿಲೇಬಿ 100 ಗ್ರಾಂ. ಸಣ್ಣ ಸೀಗಡಿ 60 ಗ್ರಾಂ, ತಲೆ ಮೂತಿಯ ಚೂಪು ಮುಳ್ಳು ಕತ್ತರಿಸಿ, ಸಿಪ್ಪೆ ಇರಲಿ. ಬಣ್ಣ ಬರೋದು ಆ ಸಿಪ್ಪೆಯಿಂದ, ನಾರಿನ ಕೆಲಸವನ್ನೂ ಅದೇ ಮಾಡುತ್ತೆ. ಸುಲಿದ ಗಿಜರ್ಡ್ 50 ಗ್ರಾಂ. ಪೆಲೆಟ್ ಪುಡಿ 30 ಗ್ರಾಂ. ಬಿಸಿನೀರಲ್ಲಿ ಅದ್ದಿ ಹಿಂಡಿದ ಪಾಲಕ್ 10 ಗ್ರಾಂ. ಉಪ್ಪು, ಅರಿಶಿನ ಏನೂ ಬೇಡ. ಬೆಳ್ಳುಳ್ಳಿ ಒಂದೆಸಳು ಹಾಕಿದ್ರೆ ವಾಸನೆಗೆ ಬಂದು ತಿಂತವೆ, ಹುಳದ ಕಾಯಿಲೆ ವಾಸಿ ಮಾಡುತ್ತೆ ಅನ್ನೋದನ್ನ ನಂಬಬೇಡಿ.

ಮೀನು, ಸೀಗಡಿಯನ್ನ ಕುದಿಯೋ ನೀರಲ್ಲಿ ಒಂದು ನಿಮಿಷ ಬಿಟ್ಟು ತೆಗೀರಿ. ಗಿಜರ್ಡ್ ಎರಡು ನಿಮಿಷ. ಜಾಸ್ತಿ ಬೇಯಿಸಿದ್ರೆ ರಬ್ಬರ್. ಆಮೇಲೆ ಮಿಕ್ಸಿಗೆ ಹಾಕಿ, ಒಂದೇ ಸಮ ಓಡಿಸಬೇಡಿ, ಮೂರು ಮೂರು ಸೆಕೆಂಡ್ ಬಿಟ್ಟು ಬಿಟ್ಟು. ಅಕ್ಕಿಕಾಳಿನಷ್ಟು ತರಿ ಉಳೀಬೇಕು. ನುಣ್ಣಗೆ ಪೇಸ್ಟ್ ಆದ್ರೆ ನೀರಿಗೆ ಬಿದ್ದ ಕೂಡಲೇ ಹೊಗೆ ಏಳುತ್ತೆ, ಆ ಮಂಕು ಅದೇ. ರುಬ್ಬಿದ ಮಾಂಸವನ್ನ ಜರಡಿಯಲ್ಲಿ ಹಾಕಿ ತಣ್ಣೀರಲ್ಲಿ ಒಮ್ಮೆ ಜಾಲಿಸಿ, ರಸ ಹೋಗಲಿ. ಆಮೇಲೆ ಪೆಲೆಟ್ ಪುಡಿ, ಪಾಲಕ್ ಬೆರೆಸಿ.

ಅಂಟಿಗೆ ಜೆಲಾಟಿನ್ 10 ಗ್ರಾಂ. 60 ಮಿ.ಲೀ. ತಣ್ಣೀರಲ್ಲಿ ಹತ್ತು ನಿಮಿಷ ನೆನೆಸಿ, ಪಾತ್ರೆಯನ್ನ ಬಿಸಿನೀರಲ್ಲಿಟ್ಟು ಕರಗಿಸಿ, ಕುದಿಸಬೇಡಿ, ಕುದ್ರೆ ಗಟ್ಟಿ ಹಿಡಿಯೋ ಶಕ್ತಿ ಹೋಗುತ್ತೆ. ಬೆಚ್ಚಗಿದ್ದಾಗ ಮಾಂಸಕ್ಕೆ ಕಲಸಿ. ವಿಟಮಿನ್ ಹನಿ ಹಾಕೋದಿದ್ರೆ ಆರಿದ ಮೇಲೆ. ಜಿಪ್ ಕವರಿಗೆ ಹಾಕಿ ಅರ್ಧ ಸೆಂ.ಮೀ. ದಪ್ಪಕ್ಕೆ ತಟ್ಟಿ, ಮೇಲಿಂದ ಚಾಕುವಿನ ಬೆನ್ನಲ್ಲಿ ಗೆರೆ ಎಳೆದು ಚೌಕ ಮಾಡಿ, ಫ್ರೀಜರಲ್ಲಿ ಅಡ್ಡಡ್ಡ ಮಲಗಿಸಿ. ಬೇಕಾದಾಗ ಗೆರೆಗೆ ಸರಿಯಾಗಿ ಮುರಿಯುತ್ತೆ.

ಪ್ಯೂರ್‌ವೆಜ್_ಮೀನುಪ್ರಿಯೆ
ಜೆಲಾಟಿನ್ ಪ್ರಾಣಿಮೂಳೆದಲ್ವಾ? ಅದರ ಬದಲು ಚೈನಾ ಗ್ರಾಸ್ ಹಾಕಿದ್ರೆ ವೆಜ್ ಆಗುತ್ತೆ.

ಪೇಟೆಬೀದಿ
ಒಳಗಿರೋದು ಗಿಜರ್ಡ್ ಮೇಡಂ 😂

ಮಲ್ನಾಡ್_ಗಿಲ್ಸ್
ನಗಬೇಡಿ, ಚೈನಾ ಗ್ರಾಸ್ ಗಟ್ಟಿ ಜಾಸ್ತಿ, 28 ಡಿಗ್ರಿ ನೀರಲ್ಲೂ ಮೆತ್ತಗಾಗಲ್ಲ. 3 ಗ್ರಾಂ ಸಾಕು. ಆದ್ರೆ ಅದನ್ನ ಚೆನ್ನಾಗಿ ಕುದಿಸಲೇಬೇಕು, ಮತ್ತೆ 40 ಡಿಗ್ರಿಗೆ ಇಳಿದ್ರೆ ಕಟ್ಟಿಕೊಳ್ಳುತ್ತೆ. ಫ್ರಿಜ್ಜಿಂದ ತೆಗೆದ ತಣ್ಣನೆ ಮಾಂಸಕ್ಕೆ ಹಾಕಿದ್ರೆ ಹಾಕಿದ ಜಾಗದಲ್ಲೇ ಗಂಟು, ಉಳಿದದ್ದು ಪುಡಿಪುಡಿ. ಮಾಂಸ ಕೋಣೆಯ ಬಿಸಿಗೆ ಬಂದಿರಲಿ, ಚೈನಾ ಗ್ರಾಸ್ 60 ಡಿಗ್ರಿ ಹತ್ರ ಇರುವಾಗ್ಲೇ ಬೇಗ ಕಲಸಿ.

ಯಗಚಿ_ಬೇಲೂರು
ಮನೆಯಲ್ಲಿ ಚಟ್ನಿ ರುಬ್ಬೋ ಜಾರ್ ಮುಟ್ಟಬೇಡಿ. ಹಳೇ ಜಾರ್ ಒಂದು, ಹಲಗೆ ಒಂದು ಮೀನಿಗೇ ಬೇರೆ ಇಡಿ. ಕೈ ಸೋಪಲ್ಲಿ ತೊಳೀರಿ. ಶ್ರಾವಣದಲ್ಲಂತೂ ಫ್ರೀಜರಲ್ಲಿ ಮುಚ್ಚಳ ಇರೋ ಡಬ್ಬಿಯೊಳಗೆ ಇಟ್ರೆ ಮನೆಯಲ್ಲಿ ಶಾಂತಿ 🙏

ಆಸ್ಕರ್_ಹಾಸನ
ಸೂಪರ್. ವಾರಕ್ಕೆ ಎರಡೇ ದಿನ ಯಾಕೆ? ಪೆಲೆಟ್ ಉಳಿಸೋಕೆ ತಾನೇ ಇದೆಲ್ಲ? ಮತ್ತೆ ಮಾಂಸದ ರುಚಿ ಹತ್ತಿದ್ರೆ ಪೆಲೆಟ್ ಬಿಡ್ತವೆ ಅಂತಾರೆ.

ಅರಸೀಕೆರೆ_ಬೋರ್‌ವೆಲ್
ಬರೀ ಮಾಂಸದಲ್ಲಿ ವಿಟಮಿನ್ ಸಿ, ಖನಿಜ ಸಾಲಲ್ಲ. ಆಸ್ಕರ್ ತಲೆಯಲ್ಲಿ ಗುಳಿ ಬೀಳೋ ಕಾಯಿಲೆಗೆ ಕೆಟ್ಟ ನೀರು, ಕೊರತೆ ಊಟ ಎರಡನ್ನೂ ದೂರ್ತಾರೆ, ಮಾಂಸ ಜಾಸ್ತಿ ಆದ್ರೆ ಎರಡೂ ಒಟ್ಟಿಗೇ ಬರುತ್ತೆ. ನಾಲ್ಕು ದಿನ ಪೆಲೆಟ್, ಎರಡು ದಿನ ಮಾಂಸ, ಒಂದು ದಿನ ಉಪವಾಸ. ಮಾಂಸ ಹಾಕಿ ಹದಿನೈದು ನಿಮಿಷಕ್ಕೆ ಉಳಿದದ್ದನ್ನ ಸೈಫನ್ ಮಾಡಿ (ಪೈಪಲ್ಲಿ ಎಳೆದು ತೆಗೆದು), ಮಾರನೇ ದಿನ ಕಾಲು ಭಾಗ ನೀರು ಬದಲಿಸಿ. ಈ ನೀರು, ಕರೆಂಟು, ನಿಮ್ಮ ಶ್ರಮ ಎಲ್ಲ ಸೇರಿಸಿದ್ರೆ ದಿನಾ ಮಾಂಸ ಹಾಕೋದು ಪೆಲೆಟ್‌ಗಿಂತ ಅಗ್ಗ ಅಲ್ವೇ ಅಲ್ಲ.

ಪೆಲೆಟ್ ಬಿಟ್ರೆ ಹೆದರಬೇಡಿ, ಮೂರು ದಿನ ಏನೂ ಹಾಕದೆ ನಾಲ್ಕನೇ ದಿನ ಸೀಗಡಿ ರಸದಲ್ಲಿ ಅದ್ದಿದ ಪೆಲೆಟ್ ಎರಡೇ ಎರಡು ಹಾಕಿ. ದೊಡ್ಡ ಆಸ್ಕರ್‌ಗೆ ವಾರ ಉಪವಾಸ ಏನೂ ಅಲ್ಲ. ಅರೋವಾನಾ ಮರಿಗೆ ಅಷ್ಟು ದಿನ ಕಾಯಿಸಬೇಡಿ.

ಹೊಯ್ಸಳ_ಫಿನ್ಸ್
ಅಂದಹಾಗೆ ಪಿರಾನಾ ಸಾಕೋರು ಯಾರಾದ್ರೂ ಇದೀರಾ? ಅಂಗಡಿಯಲ್ಲಿ ಕೆಂಪು ಹೊಟ್ಟೆದು ನೋಡ್ದೆ. ಅದಕ್ಕೂ ಇದೇ ಊಟನಾ?

ಚನ್ನ_ರಾಯಪಟ್ಟಣ
ನೂರಕ್ಕೆ ತೊಂಬತ್ತೊಂಬತ್ತು ಅದು ಪಾಕು. ಮೀನಂಗಡಿಯಲ್ಲಿ ರೂಪ್‌ಚಂದ್ ಅಂತ ಮಾರೋದೂ ಅದನ್ನೇ. ಬಾಯಿ ತೆಗೆಸಿ ಹಲ್ಲು ನೋಡಿ, ಪಿರಾನಾಗೆ ಗರಗಸ, ಪಾಕುಗೆ ಮನುಷ್ಯರ ದವಡೆ ಹಲ್ಲಿನ ಹಾಗೆ ಚಪ್ಪಟೆ. ಅದಕ್ಕೆ ಮಾಂಸ ಬೇಡ, ಬಟಾಣಿ, ಸೌತೆಕಾಯಿ, ಹಣ್ಣು ಸಾಕು. ಅದಕ್ಕೂ ನಿಮ್ಮ ಟ್ಯಾಂಕ್ ಸಾಲಲ್ಲ.

ಕಾಫಿತೋಟ
ಮಳೆಗಾಲದ ಎರಡು ಮಾತು. ಒಂದು, ಹೀಟರ್ ಇಲ್ಲದ ಟ್ಯಾಂಕು ಜುಲೈನಲ್ಲಿ ನಮ್ಮ ಕಡೆ 20ರ ಆಸುಪಾಸಿಗೆ ಇಳಿಯುತ್ತೆ. ಆಗ ಕೋಳಿ ಮಾಂಸ ಪೂರ್ತಿ ನಿಲ್ಲಿಸಿ, ಹೊಟ್ಟೆಯಲ್ಲೇ ಕೂತು ಉಬ್ಬರಿಸುತ್ತೆ. ಎರಡು, ಕರೆಂಟ್. ದಿನಗಟ್ಟಲೆ ಹೋದ್ರೆ ಫ್ರೀಜರಲ್ಲಿದ್ದದ್ದು ಕರಗಿ ಮತ್ತೆ ಗಟ್ಟಿಯಾಗಿರುತ್ತೆ, ನೋಡೋಕೆ ಗೊತ್ತಾಗಲ್ಲ. ಡಬ್ಬಿ ಪಕ್ಕ ಒಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯ ಇಡಿ. ನಾಣ್ಯ ಲೋಟದ ತಳಕ್ಕೆ ಹೋಗಿದ್ರೆ ಪೂರ್ತಿ ಕರಗಿತ್ತು ಅಂತ ಅರ್ಥ, ಮಾಂಸ ಎಸೀರಿ.

ಆಸ್ಕರ್_ಹಾಸನ
ನಾಣ್ಯದ ಐಡಿಯಾ ಚೆನ್ನಾಗಿದೆ. ಹೆಪ್ಪುಗಟ್ಟಿದ ಚೌಕ ಹಾಗೇ ಟ್ಯಾಂಕಿಗೆ ಹಾಕಬಹುದಾ?

ಯಗಚಿ_ಬೇಲೂರು
ಬೇಡ. ಒಂದು ಲೋಟ ಟ್ಯಾಂಕ್ ನೀರಲ್ಲಿ ಹತ್ತು ನಿಮಿಷ ಬಿಟ್ಟು, ಆ ನೀರನ್ನ ಗಿಡಕ್ಕೆ ಚೆಲ್ಲಿ, ಚೌಕ ಮಾತ್ರ ಹಾಕಿ.

ಕೆರೆಏರಿ
ಸಮುದ್ರದ ಸೀಗಡಿ, ರಾಣಿ ಮೀನು ಬೇಕಾದೋರು ಮೇ ಕೊನೆಯೊಳಗೆ ತಂದು ಮಾಡಿಟ್ಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗೆ ಇಳಿಯಲ್ಲ, ಅದರ ಮೇಲೆ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದ್ರೆ ಹಾಸನಕ್ಕೆ ಬರೋದು ಹಳಸಿದ ಐಸ್ ಮಾಲು.

ಪೇಟೆಬೀದಿ
ಜಿಲೇಬಿಗೆ ಘಾಟಿ ಬೇಕಾಗಿಲ್ಲ ಬುಡಿ ಅತ್ಲಾಗೆ.